ಮುರಿಗೆಪ್ಪ ಮಾಸ್ತರರ ತಾಜಾ ಪೆಟ್ಟಿಗೆ

ಮಧ್ಯಾಹ್ನ ಹನ್ನೆರಡು ಗಂಟೆಗೆ ಮುರಿಗೆಪ್ಪ ಮಾಸ್ತರರು ಹಳೆಯ ಇಳಕಲ್ ಸೀರೆ ಹೊದಿಸಿದ ಏನೋ ಒಂದನ್ನು ಕೈಗಾಡಿಯ ಮೇಲೆ ತಳ್ಳಿಕೊಂಡು ವೈನ್ ಶೆಡ್ಡಿನೊಳಗೆ ಬಂದರು. ಬಾಟಲಿ ತೊಳೆಯುತ್ತಿದ್ದ ಅವರ ತಂಗಿ ಕಸ್ತೂರಿ ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಂತಳು. ಅಣ್ಣನ ಮುಖದಲ್ಲಿ ಆ ತರಹದ ಬೆಳಕು ಕಂಡಾಗಲೆಲ್ಲ ಮನೆಯಲ್ಲಿ ಏನಾದರೂ ಒಂದು ಒಡೆಯುತ್ತದೆ ಎಂಬುದು ಅವಳ ಐವತ್ತೆರಡು ವರ್ಷಗಳ ಅನುಭವ.

ಮಾಸ್ತರರು ವಿಜಯಪುರದ ಒಂದು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರದ ಲ್ಯಾಬು ನೋಡಿಕೊಂಡವರು. ನಿವೃತ್ತಿಯಾದ ಮೇಲೆ ತಾಯಿ ಗುರವ್ವನನ್ನು ಕರೆದುಕೊಂಡು ಟಿಕೋಟಾ ಹತ್ತಿರದ ತಂಗಿಯ ದ್ರಾಕ್ಷಿ ತೋಟಕ್ಕೆ ಬಂದಿದ್ದರು. ಬಂದ ವರ್ಷವೇ ರೊಟ್ಟಿ ಬಡಿಯುವ ಯಂತ್ರ ಮಾಡಿದರು. ಅದು ರೊಟ್ಟಿಯನ್ನು ಎಷ್ಟು ಹುರುಪಿನಿಂದ ಬಡಿಯಿತೆಂದರೆ, ಅಡುಗೆಮನೆಯ ಮಾಳಿಗೆಗೆ ಅಂಟಿಕೊಂಡ ನಾಲ್ಕು ರೊಟ್ಟಿಗಳನ್ನು ಇವತ್ತಿಗೂ ಯಾರಿಂದಲೂ ಕೀಳಲಾಗಿಲ್ಲ. ಆಮೇಲೆ ಹಕ್ಕಿ ಓಡಿಸುವ ಬೆದರುಬೊಂಬೆ ಮಾಡಿದರು. ಅದು ಹಕ್ಕಿಗಳನ್ನು ಬಿಟ್ಟು ಮಾಸ್ತರರನ್ನೇ ಎರಡು ಎಕರೆ ಓಡಿಸಿತು.

ಆದರೆ ಇವತ್ತು ಒಡೆಯುವುದಕ್ಕೆ ತಕ್ಕ ದಿನವಾಗಿರಲಿಲ್ಲ. ಸಂಜೆ ನಾಲ್ಕು ಗಂಟೆಗೆ ಬೆಳಗಾವಿಯ ದೊಡ್ಡ ಹೋಟೆಲೊಂದರಿಂದ ಐರಿನ್ ಮಥಾಯಸ್ ಎಂಬ ಹೆಣ್ಣುಮಗಳು ಬರುವವಳಿದ್ದಳು. ಆ ಹೋಟೆಲಿನಲ್ಲಿ ಯಾವ ವೈನ್ ಇಡಬೇಕು, ಯಾವುದು ಬೇಡ ಎಂದು ಹೇಳುವವಳು ಅವಳೇ. ಹೋದ ವರ್ಷವೂ ಬಂದಿದ್ದಳು. ಕಸ್ತೂರಿಯ ವೈನ್ ಕುಡಿದು ಕಣ್ಣರಳಿಸಿ, ಒಂದು ಪೆಟ್ಟಿಗೆ ಒಯ್ದಿದ್ದಳು. ಹತ್ತು ದಿನಕ್ಕೆ ಫೋನು ಬಂತು. ಬಾಟಲಿ ತೆರೆದ ದಿನ ಹೂವಿನಂತಿದ್ದದ್ದು ಮೂರನೆಯ ದಿನಕ್ಕೆ ಹುಳಿ ಬಂದಿದೆ, ಹೋಟೆಲಿನಲ್ಲಿ ಒಂದು ಬಾಟಲಿಯನ್ನು ಲೋಟ ಲೋಟವಾಗಿ ನಾಲ್ಕು ದಿನ ಬಡಿಸುತ್ತೇವೆ, ಕ್ಷಮಿಸಿ ಎಂದಿದ್ದಳು.

ಅದು ತನ್ನ ವೈನಿನ ತಪ್ಪಲ್ಲ ಎಂದು ಕಸ್ತೂರಿಗೆ ಗೊತ್ತಿತ್ತು. ಬಾಟಲಿಯ ಬಾಯಿಯ ಬೂಚು ತೆಗೆದ ಗಳಿಗೆಯಿಂದ ಗಾಳಿ ಒಳಗೆ ಹೋಗುತ್ತದೆ. ಮೊದಲ ಒಂದೆರಡು ತಾಸು ಗಾಳಿ ಒಳ್ಳೆಯದನ್ನೇ ಮಾಡುತ್ತದೆ, ಮುಚ್ಚಿಕೊಂಡಿದ್ದ ಪರಿಮಳವನ್ನು ಬಿಚ್ಚುತ್ತದೆ. ಆಮೇಲೆ ಕೊಯ್ದಿಟ್ಟ ಸೇಬು ಕಪ್ಪಾಗುವ ಹಾಗೆ ವೈನೂ ಬಾಡುತ್ತದೆ. ಗಾಳಿಯ ಜೊತೆಗೇ ಬರುವ ಕಣ್ಣಿಗೆ ಕಾಣದ ಜೀವಿಗಳು ಅದನ್ನು ಹುಳಿ ಮಾಡುತ್ತವೆ. ಬಾಟಲಿಗೆ ಮತ್ತೆ ಬೂಚು ಜಡಿದು ಫ್ರಿಜ್ಜಿನಲ್ಲಿಟ್ಟರೆ ಮೂರ್ನಾಲ್ಕು ದಿನ ತಾಳುತ್ತದೆ. ಆದರೆ ಐರಿನಳ ಮಾತಿನಿಂದಲೇ ತಿಳಿದಂತೆ, ಹೋಟೆಲಿನ ಹುಡುಗರು ಬೂಚನ್ನು ಕಸದ ಬುಟ್ಟಿಗೆ ಹಾಕಿ, ಬಾಟಲಿಯನ್ನು ಬಣ್ಣದ ದೀಪದ ಬುಡದಲ್ಲಿ, ಆ ಬಿಸಿಯಲ್ಲಿ ಚೆಂದಕ್ಕೆ ನಿಲ್ಲಿಸಿದ್ದರು. ಇದನ್ನೆಲ್ಲ ಹೋದ ವರ್ಷ ಫೋನಿನಲ್ಲಿ ಹೇಳಲು ಕಸ್ತೂರಿಗೆ ಬಾಯಿ ಬಂದಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಅವಳು ತೋಟದ ಒಂದು ಭಾಗದ ದ್ರಾಕ್ಷಿಯನ್ನು ವೈನಿಗೆ ತಿರುಗಿಸಿ ಆರು ವರ್ಷವಾಗಿತ್ತು. ಊರಿನವರು ಎದುರಿಗೆ ಏನೂ ಅನ್ನುತ್ತಿರಲಿಲ್ಲ. ಪಕ್ಕದ ತೋಟದ ಈರಪ್ಪ ಕಾಕಾ ಮಾತ್ರ ಅವಳ ಶೆಡ್ಡಿನ ಮುಂದೆ ಹಾಯುವಾಗ ಟವೆಲಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ಅವರು ಅಚ್ಚುಕಟ್ಟಾಗಿ ಒಣದ್ರಾಕ್ಷಿ ಮಾಡುವವರು. ದೊಡ್ಡ ಹೋಟೆಲು ತನ್ನ ವೈನ್ ಇಟ್ಟುಕೊಂಡರೆ ಆ ಟವೆಲು ಕೆಳಗಿಳಿದೀತು ಎಂಬ ಆಸೆ ಕಸ್ತೂರಿಗೆ ಇತ್ತು. ಅದನ್ನು ಅವಳು ಯಾರ ಮುಂದೆಯೂ ಹೇಳಿರಲಿಲ್ಲ.

ಮಾಸ್ತರರು ಸೀರೆ ಎಳೆದರು.

ಒಳಗಿದ್ದದ್ದು ಒಂದು ಸ್ಟೀಲಿನ ಪೆಟ್ಟಿಗೆ. ಅದರ ಮುಂದೆ ಹಳೆಯ ಗ್ರಾಮಾಫೋನಿನ ಹಿತ್ತಾಳೆ ಕಹಳೆ, ನೆತ್ತಿಯ ಮೇಲೆ ಒಂದು ಹಸಿರು ದೀಪ, ಪಕ್ಕದಲ್ಲಿ ತಿರುಗಿಸುವ ಗುಂಡಿ. ಗುಂಡಿಯ ಸುತ್ತ ಮಾಸ್ತರರು ತಮ್ಮ ದುಂಡನೆಯ ಅಕ್ಷರದಲ್ಲಿ ‘ನಿನ್ನೆ’, ‘ಮೊನ್ನೆ’, ‘ಹೋದ ವಾರ’ ಎಂದು ಬರೆದಿದ್ದರು. ಅದರಾಚೆಗೂ ಗುಂಡಿ ತಿರುಗುತ್ತಿತ್ತು, ಆದರೆ ಅಲ್ಲಿ ಬರೆಯಲು ಜಾಗ ಸಾಲದೆ ಬಿಟ್ಟಿದ್ದರು.

“ನೀವೆಲ್ಲಾ ವೈನ್ ಕೆಡಬಾರದು ಅಂತ ಒದ್ದಾಡ್ತೀರಿ. ನಾ ಹಂಗ ಮಾಡಿಲ್ಲ. ಕೆಟ್ಟಿದ್ದನ್ನ ಕೆಡೂಕಿಂತ ಮೊದಲಿಗೆ ವಾಪಸ್ ಒಯ್ತೈತಿ ಇದು,” ಎಂದರು ಮಾಸ್ತರರು.

“ರೊಟ್ಟಿ ಯಂತ್ರ ತಂದಾಗೂ ಹಿಂಗ ಅಂದಿದ್ದಿ, ಅಣ್ಣಾ.”

ಮಾಸ್ತರರು ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಕಸ್ತೂರಿ ಐದು ದಿನದ ಹಿಂದೆ ತೆರೆದು ಮರೆತಿದ್ದ ಅರ್ಧ ಬಾಟಲಿ ವೈನ್ ಕಿಟಕಿಯಲ್ಲಿತ್ತು. ಅದು ಎಷ್ಟು ಹುಳಿಯಾಗಿತ್ತೆಂದರೆ, ಗುರವ್ವ ಅದನ್ನು ಹಿತ್ತಾಳೆ ಕೊಡ ತಿಕ್ಕಲು ಕೇಳಿಟ್ಟಿದ್ದಳು. ಮಾಸ್ತರರು ಬಾಟಲಿಯನ್ನು ಕಹಳೆಯ ಎದುರಿಗೆ ಸ್ಟೂಲಿನ ಮೇಲಿಟ್ಟು, ಪ್ಲಗ್ ಹಾಕಿ, ಗುಂಡಿಯನ್ನು ‘ಹೋದ ವಾರ’ದ ಕಡೆಗೆ ಕೊಂಚ ಸರಿಸಿದರು. ಜೀರುಂಡೆಯಂತಹ ಸಣ್ಣ ಸದ್ದು ಬಂತು. ಹತ್ತು ನಿಮಿಷ ಕಳೆಯಿತು. ಕಂದು ತಿರುಗಿದ್ದ ವೈನು ನಿಧಾನವಾಗಿ ಕೆಂಪಾಯಿತು.

ಕಸ್ತೂರಿ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಹಾಕಿಕೊಂಡವಳು ಹಾಗೇ ನಿಂತುಬಿಟ್ಟಳು. ನಾಲಿಗೆಯ ಮೇಲೆ ಹುಳಿಯ ಸುಳಿವೇ ಇರಲಿಲ್ಲ. ನೇರಳೆ ಹಣ್ಣು, ಕೊಂಚ ಲವಂಗ, ಕೊನೆಯಲ್ಲಿ ಮಳೆ ಬಿದ್ದ ಎರೆಮಣ್ಣು. ಐದು ದಿನದ ಹಿಂದೆ ಬೂಚು ತೆಗೆದ ಗಳಿಗೆಯಲ್ಲಿ ಹೇಗಿತ್ತೋ ಹಾಗೆ ಇತ್ತು. ಇದನ್ನು ಐರಿನ್ ಮಥಾಯಸಳ ಹೋಟೆಲಿನಲ್ಲಿ ಒಂದು ಮೂಲೆಗಿಟ್ಟರೆ ಸಾಕು, ಬೂಚು ಎಲ್ಲಿ ಹೋದರೇನು, ದೀಪ ಎಷ್ಟು ಉರಿದರೇನು. ಬೆಳಗಾವಿ ಏಕೆ, ಊರೂರಿಗೂ ಇಡಬಹುದು. ಅಣ್ಣನ ಕೈ ಹಿಡಿದು ಅಲುಗಾಡಿಸಿಬಿಟ್ಟಳು. ಅರವತ್ತಾರು ವರ್ಷದ ಮಾಸ್ತರರ ಕಣ್ಣಲ್ಲಿ ನೀರು ಬಂತು. ಅವರ ಯಂತ್ರವೊಂದು ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿದ್ದು ಅದೇ ಮೊದಲು.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಿಲ್ಲಿಸುವ ಮನಸ್ಸು ಇಬ್ಬರಿಗೂ ಇರಲಿಲ್ಲ.

ಕಸ್ತೂರಿ ಓಡಿಹೋಗಿ, ರುಚಿ ನೋಡಲೆಂದು ತೆರೆದು ಕೆಟ್ಟಿದ್ದ ಹನ್ನೆರಡು ಬಾಟಲಿಗಳನ್ನು ತಂದು ಸಾಲಾಗಿ ನಿಲ್ಲಿಸಿದಳು. ಅವುಗಳಲ್ಲಿ ಕೆಲವು ತಿಂಗಳ ಹಿಂದಿನವು. ಮಾಸ್ತರರು ಗುಂಡಿಯನ್ನು ಬರಹವಿಲ್ಲದ ಜಾಗದವರೆಗೂ ತಿರುಗಿಸಿದರು. ಐದು ನಿಮಿಷಕ್ಕೆ ಎಲ್ಲವೂ ಕೆಂಪಾದವು. ಆರನೆಯ ನಿಮಿಷಕ್ಕೆ ಮೊದಲ ಬಾಟಲಿ ನೊರೆಯಾಡಿತು. ವೈನು ಕೆಡುವುದಕ್ಕಿಂತ ಮೊದಲಿಗೆ ಹೋಗಿ, ವೈನಾಗುವುದಕ್ಕಿಂತ ಮೊದಲಿಗೆ ಹೋಗುತ್ತಿತ್ತು. ಎಂದೋ ಸತ್ತು ತಳ ಸೇರಿದ್ದ ಹುದುಗು ಮತ್ತೆ ಎದ್ದು ಕುದಿಯತೊಡಗಿತ್ತು. ಕಸ್ತೂರಿ ಕೈ ಚಾಚುವಷ್ಟರಲ್ಲಿ ಹನ್ನೆರಡೂ ಬಾಟಲಿಗಳು ಒಂದರ ಹಿಂದೊಂದು ಉಕ್ಕಿ, ಅಣ್ಣ ತಂಗಿ ಇಬ್ಬರನ್ನೂ ತಲೆಯಿಂದ ಕಾಲಿನವರೆಗೆ ನೇರಳೆ ಬಣ್ಣ ಮಾಡಿದವು. ಉಳಿದದ್ದನ್ನು ನೆಕ್ಕಿ ನೋಡಿದರೆ ಬರಿಯ ಸಿಹಿ. ಫೆಬ್ರುವರಿಯಲ್ಲಿ ಹಿಂಡಿದ ದ್ರಾಕ್ಷಿಯ ರಸ.

ಸ್ವಲ್ಪ ಹೆಚ್ಚಾಯಿತು ಅಷ್ಟೇ ಎಂದರು ಮಾಸ್ತರರು, ಮೀಸೆಯ ನೊರೆ ಒರೆಸಿಕೊಳ್ಳುತ್ತ. ಗುಂಡಿಯನ್ನು ಹಿಂದಕ್ಕೆ ತಿರುಗಿಸಹೋದರು. ಅದು ರಸದಲ್ಲಿ ತೊಯ್ದು ಬಿಗಿದುಕೊಂಡಿತ್ತು. ಪ್ಲಗ್ ಕಿತ್ತರು. ಜೀರುಂಡೆಯ ಸದ್ದು ಹಾಗೇ ಇತ್ತು.

“ಪ್ಲಗ್ ತಗದಿ. ದೀಪ ಯಾಕ ಆರವಲ್ತು?” ಎಂದು ಕೇಳಿದಳು ಕಸ್ತೂರಿ.

ಕರೆಂಟು ಹೋದರೆ ಇರಲಿ ಎಂದು ಒಳಗೆ ಒಂದು ಹಳೆಯ ಬ್ಯಾಟರಿ ಇಟ್ಟಿರುವುದಾಗಿಯೂ, ಅದು ಹೆಚ್ಚೆಂದರೆ ಐದು ನಿಮಿಷ ನಡೆಯುವುದಾಗಿಯೂ ಮಾಸ್ತರರು ವಿವರಿಸಿದರು. ಅಲ್ಲಿಯವರೆಗೆ ಕಹಳೆಯನ್ನು ಗೋಡೆಯ ಕಡೆಗೆ ತಿರುಗಿಸಿಡೋಣ ಎಂದು ತಿರುಗಿಸಿದರು. ಗೋಡೆಯ ಆಚೆ ಅಡುಗೆಮನೆ ಇತ್ತು.

ಐದು ನಿಮಿಷವಾಯಿತು. ಹತ್ತಾಯಿತು. ಹಸಿರು ದೀಪ ಮೊದಲಿಗಿಂತ ಹೆಚ್ಚು ಬೆಳಗುತ್ತಿತ್ತು. ಆಗ ಗುರವ್ವ ಒಂದು ಕೈಯಲ್ಲಿ ಗಡಿಗೆ, ಇನ್ನೊಂದು ಕೈಯಲ್ಲಿ ಭರಣಿ ಹಿಡಿದು ಬಾಗಿಲಲ್ಲಿ ಬಂದು ನಿಂತಳು. ಎಂಬತ್ತೊಂದು ವರ್ಷದ ಮುದುಕಿ. ಅವಳು ಸಿಟ್ಟಾದರೆ ಧ್ವನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು.

“ಮುರಿಗ್ಯಾ,” ಎಂದಳು ಮೆಲ್ಲಗೆ. “ನನ್ನ ಮಸರು ಹಾಲಾಗೇತಿ. ಮುಟ್ಟಿ ನೋಡು, ಈಗ ಹಿಂಡಿದಂಗ ಬೆಚ್ಚಗದ.”

ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದಳೇನೋ. ಹನ್ನೊಂದು ವರ್ಷದಿಂದ ಕಾಪಾಡಿಕೊಂಡು ಬಂದಿದ್ದ ಅವಳ ಉಪ್ಪಿನಕಾಯಿಯ ಭರಣಿಯಲ್ಲಿ ಈಗ ತೊಟ್ಟಿನಲ್ಲಿ ಸೊನೆ ಜಿನುಗುವ ಹಸಿ ಮಾವಿನಕಾಯಿಗಳಿದ್ದವು. ಕೊಬ್ಬರಿ ಡಬ್ಬಿಯಲ್ಲಿ ಎಳನೀರು ತುಂಬಿತ್ತು. ಒಣಮೆಣಸಿನಕಾಯಿಯ ಚೀಲ ಹಸಿರಾಗಿ ಉಬ್ಬಿ ಹೊಲಿಗೆ ಬಿಚ್ಚಿಕೊಂಡಿತ್ತು. ಮಧ್ಯಾಹ್ನದ ಸಾರಿಗೆ ಹುಣಸೆಹಣ್ಣು ಹಿಚುಕುತ್ತಿದ್ದವಳ ಕೈಯಲ್ಲೇ ಅದು ಎಳೆ ಹುಣಸೆಕಾಯಾಗಿ ಕೂತಿತಂತೆ.

ಮಾಸ್ತರರು ಅಪರಾಧಿಯ ಹಾಗೆ ನಿಂತಿದ್ದರೂ ಒಳಗೊಳಗೆ ಲೆಕ್ಕ ಹಾಕುತ್ತಿದ್ದರು. ಗೋಡೆ ದಾಟಿ ಹೋಗುವಷ್ಟು ಶಕ್ತಿ ತಮ್ಮ ಯಂತ್ರಕ್ಕೆ ಎಲ್ಲಿಂದ ಬಂತು? ಆಮೇಲೆ ಅವರ ಮುಖ ಬಿಳಿಚಿಕೊಂಡಿತು. ಕಹಳೆಯಿಂದ ಮುಂದಕ್ಕೆ ಹೋಗುವ ಶಕ್ತಿ ಹಿಂದಕ್ಕೂ ಸ್ವಲ್ಪ ಸೋರುತ್ತಿತ್ತು. ಹಿಂದೆ ಇದ್ದದ್ದು ಬ್ಯಾಟರಿ. ಹಳೆಯ ಬ್ಯಾಟರಿ ಗಳಿಗೆ ಗಳಿಗೆಗೂ ಹೊಸದಾಗುತ್ತಿತ್ತು. ಹೊಸದಾದಷ್ಟೂ ಯಂತ್ರಕ್ಕೆ ಬಲ, ಯಂತ್ರಕ್ಕೆ ಬಲ ಬಂದಷ್ಟೂ ಬ್ಯಾಟರಿ ಇನ್ನೂ ಹೊಸದು.

“ಅಂದ್ರ ಇದು ನಿಲ್ಲೂದ ಇಲ್ಲೇನು?” ಎಂದಳು ಕಸ್ತೂರಿ.

ತಾತ್ವಿಕವಾಗಿ ನೋಡಿದರೆ ಇಲ್ಲ ಎಂದು ಮಾಸ್ತರರು ಒಪ್ಪಿಕೊಂಡರು. ಪೆಟ್ಟಿಗೆ ಬಿಚ್ಚೋಣವೆಂದರೆ, ಅಷ್ಟು ಹತ್ತಿರದಲ್ಲಿ ಕಣ್ಣಿನ ಕನ್ನಡಕ ಕರಗಿ ಮರಳಾದೀತೆಂದು ಅವರಿಗೆ ಭಯ. ಜೀವ ಇರುವುದಕ್ಕೆ ಏನೂ ಆಗುವುದಿಲ್ಲ, ಜೀವಕ್ಕೆ ತನ್ನದೇ ಗಡಿಯಾರ ಇರುತ್ತದೆ ಎಂದು ಧೈರ್ಯ ಹೇಳಿದರು. ಗುರವ್ವ, ಹಾಗಿದ್ದರೆ ಮೊದಲು ಅದನ್ನು ನನ್ನ ಅಡುಗೆಮನೆಯಿಂದ ಆಚೆ ತಿರುಗಿಸು ಎಂದಳು. ಮಾಸ್ತರರು ಗಡಿಬಿಡಿಯಿಂದ ತಿರುಗಿಸಿದರು.

ಆ ದಿಕ್ಕಿನಲ್ಲಿ ಟ್ಯಾಂಕುಗಳಿದ್ದವು.

ಎರಡು ಸ್ಟೀಲು ಟ್ಯಾಂಕು, ಒಂದೊಂದರಲ್ಲಿ ಸಾವಿರ ಲೀಟರು. ಆ ಸಂಜೆ ಐರಿನಳಿಗೆ ತೋರಿಸಬೇಕಾಗಿದ್ದ ವೈನು. ಕಸ್ತೂರಿ ಕೂಗುವ ಮೊದಲೇ ಒಳಗಿಂದ ಗುಳುಗುಳು ಸದ್ದು ಕೇಳಿಸಿತು. ಮುಚ್ಚಳಗಳು ತಟಪಟ ಕುಣಿದವು. ಅವಳು ಹೋಗಿ ನಲ್ಲಿ ತಿರುಗಿಸಿ, ಬೊಗಸೆಯಲ್ಲಿ ಹಿಡಿದು ಕುಡಿದಳು. ಅರ್ಧ ವೈನು, ಅರ್ಧ ರಸ. ಮತ್ತೊಂದು ಬೊಗಸೆ ಹಿಡಿಯುವಷ್ಟರಲ್ಲಿ ಪೂರಾ ರಸ.

ಅವಳು ನಲ್ಲಿ ಮುಚ್ಚಲಿಲ್ಲ. ಅಲ್ಲೇ ಮಗುಚಿಟ್ಟಿದ್ದ ಬಕೆಟ್ಟಿನ ಮೇಲೆ ಕೂತುಬಿಟ್ಟಳು; ನಲ್ಲಿಯನ್ನು ಗುರವ್ವ ಬಂದು ಮುಚ್ಚಿದಳು. ಆ ರಸ ಹುದುಗಿ ವೈನಾಗಲೆಂದು ಕಸ್ತೂರಿ ಹಗಲಿಗೆ ಮೂರು ಸಲ ಥರ್ಮಾಮೀಟರು ನೋಡಿದ್ದಳು. ಬಿಸಿಲು ಏರಿದಾಗ ಟ್ಯಾಂಕಿಗೆ ತೊಯ್ದ ಗೋಣಿ ಸುತ್ತಿದ್ದಳು. ಟ್ಯಾಂಕಿನಲ್ಲಿ ಗಾಳಿಗೆ ಜಾಗ ಉಳಿಯಬಾರದೆಂದು ತೆಗೆದಷ್ಟನ್ನು ಮತ್ತೆ ತುಂಬುತ್ತ ಬಂದಿದ್ದಳು. ಆ ಎಲ್ಲ ದಿನಗಳನ್ನು ಒಂದು ಹಿತ್ತಾಳೆ ಕಹಳೆ ಎರಡು ನಿಮಿಷದಲ್ಲಿ ನುಂಗಿತ್ತು. ಮಾಸ್ತರರು ತಂಗಿಯ ಮುಖ ನೋಡಿದರು. ಅವರು ಅವಸರವಾಗಿ ಕಹಳೆಯನ್ನು ನೆಲದ ಕಡೆಗೆ ಬಗ್ಗಿಸಿದರು, ಇನ್ನೇನಾದರೂ ಉಳಿದಿದ್ದರೆ ಉಳಿಯಲಿ ಎಂದು.

ನೆಲ ಸಿಮೆಂಟಿನದು. ಹೋದ ದೀಪಾವಳಿಗೆ ಹಾಕಿಸಿದ್ದು. ಅದು ಹಾಕಿಸಿದ ದಿನಕ್ಕೆ ಹೋಯಿತು. ಮಾಸ್ತರರು ಮೊಣಕಾಲಿನವರೆಗೆ ಹಸಿ ಸಿಮೆಂಟಿನಲ್ಲಿ ಇಳಿದರು. ಕೈಗಾಡಿಯ ಗಾಲಿಗಳೂ ಇಳಿದವು. ಗುರವ್ವ ಒಂದು ಕಡೆಯಿಂದ, ಕಸ್ತೂರಿ ಇನ್ನೊಂದು ಕಡೆಯಿಂದ ಎಳೆದು ಅವರನ್ನು ಹೊರಗೆ ತೆಗೆದಾಗ ಅವರ ಚಪ್ಪಲಿಗಳ ಮೇಲೆ ಉದ್ದುದ್ದ ಕರಿ ಕೂದಲು ಬೆಳೆದಿದ್ದವು. ಚಪ್ಪಲಿ ಎಮ್ಮೆಯ ಚರ್ಮದವು.

ಹಾಗಿದ್ದರೆ ಆಕಾಶಕ್ಕೆ ತಿರುಗಿಸು ಎಂದಳು ಗುರವ್ವ. ಸೂರ್ಯ ತಾಜಾ ಆದರೆ ಈ ಬೇಸಿಗೆಗೆ ಯಾರು ಹೊಣೆ ಎಂದು ಮಾಸ್ತರರು ಕೇಳಿದರು. ಹೊರಗೆ ಆಗಲೇ ನಲವತ್ತೊಂದು ಡಿಗ್ರಿ ಇತ್ತು. ಯಾರೂ ಒತ್ತಾಯ ಮಾಡಲಿಲ್ಲ. ಮೂವರೂ ಸೇರಿ ಪೆಟ್ಟಿಗೆಯನ್ನು ಎತ್ತಿ ಹೊರಗೆ ತಂದು, ಯಾವ ಮನೆಯೂ ಇಲ್ಲದ ಪಡುವಣ ದಿಕ್ಕಿಗೆ ಕಹಳೆ ಮಾಡಿ ಅಂಗಳದಲ್ಲಿಟ್ಟರು. ಮನೆ ಇಲ್ಲ ನಿಜ. ಆದರೆ ಇನ್ನೂರು ಹೆಜ್ಜೆ ಆಚೆ, ಇಳಿಜಾರಿನ ತಲೆಯಲ್ಲಿ ಈರಪ್ಪ ಕಾಕಾರ ಒಣದ್ರಾಕ್ಷಿ ಶೆಡ್ಡು ಇತ್ತು. ಅಷ್ಟು ದೂರ ಹೋಗಲಾರದು ಎಂದರು ಮಾಸ್ತರರು.

ಶೆಡ್ಡಿನಲ್ಲಿ ಹನ್ನೊಂದು ಅಂತಸ್ತಿನ ಬಲೆಗಳ ಮೇಲೆ ಆ ವರ್ಷದ ಬೆಳೆ ಪೂರ್ತಿ ಒಣಗಿ, ಇನ್ನೆರಡು ದಿನಕ್ಕೆ ಡಬ್ಬಿಗೆ ತುಂಬುವುದಿತ್ತು. ಮೊದಲು ಒಂದು ಸುಂಯ್ ಸದ್ದು ಬಂತು, ಸಾವಿರಾರು ಬಲೂನು ಒಟ್ಟಿಗೆ ಉಬ್ಬಿದ ಹಾಗೆ. ಸುಕ್ಕು ಹಿಡಿದಿದ್ದ ಒಂದೊಂದು ದ್ರಾಕ್ಷಿಯೂ ಮೈ ತುಂಬಿಕೊಂಡು, ಹಸಿರಾಗಿ, ಗುಂಡಗಾಗಿ ಹೊಳೆಯಿತು. ಒಣಗಿದ್ದಾಗ ಒಂದು ಪಾಲು ತೂಕವಿದ್ದದ್ದು ನಾಲ್ಕು ಪಾಲಾಯಿತು. ಬಲೆಗಳು ಜೋತಾಡಿದವು. ತಂತಿಗಳು ವೀಣೆಯ ಹಾಗೆ ಮಿಡಿದು ಮಿಡಿದು ಹರಿದವು. ಮೇಲಿನ ಅಂತಸ್ತು ಕೆಳಗಿನದರ ಮೇಲೆ, ಅದು ಅದರ ಕೆಳಗಿನದರ ಮೇಲೆ. ಕೊನೆಗೆ ಶೆಡ್ಡಿನ ಬಾಯಿಂದ ದ್ರಾಕ್ಷಿಯ ಹೊನಲು ಹೊರಬಿದ್ದು ಇಳಿಜಾರಿನಲ್ಲಿ ಉರುಳುತ್ತ, ಪುಟಿಯುತ್ತ, ರಸ್ತೆ ತುಂಬಿ, ಕಸ್ತೂರಿಯ ಗೇಟಿನವರೆಗೆ ಬಂದು ನಿಂತಿತು. ಅದರ ನಡುವೆ ಎದೆಯ ಮಟ್ಟದ ದ್ರಾಕ್ಷಿಯಲ್ಲಿ ಈರಪ್ಪ ಕಾಕಾ ಈಜುತ್ತಿದ್ದರೋ ನಡೆಯುತ್ತಿದ್ದರೋ, ಅಂತೂ ಈ ಕಡೆಗೇ ಬರುತ್ತಿದ್ದರು. ಅವರ ಸೊಂಟದ ಚರ್ಮದ ಪಟ್ಟಿಯ ಮೇಲೂ ಕೂದಲು ಬೆಳೆದಿತ್ತು.

ಕಾಕಾ ಬಂದು ನಿಂತರು. ಬಾಯಿ ತೆರೆದರು. ಅರವತ್ತೆಂಟು ವರ್ಷದಲ್ಲಿ ಕಲಿತ ಬೈಗುಳಗಳಲ್ಲಿ ಯಾವುದೂ ಈ ಸಂದರ್ಭಕ್ಕೆ ಹೊಂದಿಕೆಯಾಗಲಿಲ್ಲವೋ ಏನೋ, ತಿರುಗಿ ಬಾಯಿ ಮುಚ್ಚಿ ಪೆಟ್ಟಿಗೆಯನ್ನು ಒದೆಯಲು ಕಾಲೆತ್ತಿದರು. ಮಾಸ್ತರರು ಅಡ್ಡ ಬಿದ್ದು ತಡೆದರು. ಒಡೆದರೆ ಶಕ್ತಿ ಎಂಟೂ ದಿಕ್ಕಿಗೆ ಹೋಗುತ್ತದೆ, ಟಿಕೋಟಾದ ಎಲ್ಲ ಶೆಡ್ಡುಗಳೂ ಹೀಗೇ ಆಗುತ್ತವೆ ಎಂದರು. ಕಾಕಾ ಕಾಲು ಇಳಿಸಿದರು.

ಗಂಟೆ ಮೂರೂವರೆಯಾಗಿತ್ತು. ಮಾಸ್ತರರು ಸೂತ್ರ ಹೇಳುತ್ತಿದ್ದರು, ಕಾಕಾ ತಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದರು, ಗುರವ್ವ ಇಬ್ಬರಿಗೂ ಸುಮ್ಮನಿರಲು ಹೇಳುತ್ತಿದ್ದಳು. ಕಸ್ತೂರಿ ಮಾತ್ರ ಹಸಿರು ದೀಪವನ್ನೇ ನೋಡುತ್ತಿದ್ದಳು. ಟ್ಯಾಂಕುಗಳ ಕಡೆಗೆ ತಿರುಗಿದ್ದಾಗ ಅದು ಒಂದು ಗಳಿಗೆ ಮಂಕಾಗಿದ್ದದ್ದು ಅವಳಿಗೆ ನೆನಪಿತ್ತು. ಕಾಕಾರ ಶೆಡ್ಡಿನ ಮೇಲೆ ಕೆಲಸ ಮಾಡುವಾಗಲೂ ಮಂಕಾಯಿತು. ಕೆಲಸ ಮುಗಿದ ಮೇಲೆ ಮತ್ತೆ ಬೆಳಗಿತು.

“ಅಣ್ಣಾ, ಇದಕ್ಕ ಕೆಲಸ ಸಾಲವಲ್ತು,” ಎಂದಳು. “ಖಾಲಿ ಕುಂತಾಗ ತನ್ನ ಬ್ಯಾಟರಿ ತಾನ ತಾಜಾ ಮಾಡ್ಕೊಳ್ಳಾಕತ್ತೈತಿ. ಪುರಸೊತ್ತು ಸಿಗದಂಗ ಕೆಲಸ ಹಚ್ಚೂಣು. ಪೂರಾ ಕೆಟ್ಟಿದ್ದು ಏನರ ಬೇಕು.”

ಮಾಸ್ತರರು ತಂಗಿಯನ್ನು ದಿಟ್ಟಿಸಿ ನೋಡಿದರು. ಮೂವತ್ತೊಂದು ವರ್ಷ ಲ್ಯಾಬಿನಲ್ಲಿ ಯಾವ ವಿದ್ಯಾರ್ಥಿಯೂ ಅವರಿಗೆ ಇಂಥ ಮಾತು ಹೇಳಿರಲಿಲ್ಲ.

ಪೂರಾ ಕೆಟ್ಟದ್ದು ಹಿತ್ತಲಲ್ಲೇ ಇತ್ತು. ಹೋದ ವರ್ಷ ಹೋಟೆಲಿನವರು ಬೇಡವೆಂದ ಮೇಲೆ ಕಸ್ತೂರಿ ಬೇಸರದಿಂದ ಆ ವೈನನ್ನು ಇನ್ನೂರು ಲೀಟರಿನ ಮರದ ಪೀಪಾಯಿಗೆ ಸುರಿದು, ಬಾಯಿಗೆ ಬಟ್ಟೆ ಕಟ್ಟಿ ಬಿಟ್ಟಿದ್ದಳು. ವರ್ಷಪೂರ್ತಿ ಗಾಳಿ ಕುಡಿದು, ಬಿಸಿಲು ಕಾಯ್ದು, ಅದು ಹತ್ತು ಮಾರು ದೂರದಿಂದಲೇ ಕಣ್ಣು ಉರಿಸುವ ವಿನೆಗರ್ ಆಗಿತ್ತು. ಮೇಲೆ ದೋಸೆಯ ಹಾಗೆ ದಪ್ಪನೆಯ ಕೆನೆ ಕಟ್ಟಿತ್ತು. ನೊಣ ಕೂಡ ಅದರ ಮೇಲೆ ಹಾಯುವಾಗ ಸುತ್ತುಹಾಕಿ ಹೋಗುತ್ತಿತ್ತು.

ನಾಲ್ವರೂ ಪೆಟ್ಟಿಗೆಯ ನಾಲ್ಕು ಮೂಲೆ ಹಿಡಿದರು. ಹಿತ್ತಲಿಗೆ ಹೊರಳುವಾಗ ಕಹಳೆ ಒಮ್ಮೆ ಗೇಟಿನ ಕಡೆಗೆ ಬೀಸಿಹೋಯಿತು. ಅದೇ ಹೊತ್ತಿಗೆ ಗೇಟಿನಲ್ಲಿ ಒಂದು ಬಿಳಿ ಕಾರು ದ್ರಾಕ್ಷಿಯ ರಾಶಿಯಲ್ಲಿ ಚಕ್ರ ಹೂತು ನಿಂತದ್ದು ಕಸ್ತೂರಿಗೆ ಕಂಡಿತು. ಐರಿನ್ ಮಥಾಯಸ್ ಅರ್ಧ ಗಂಟೆ ಮೊದಲೇ ಬಂದಿದ್ದಳು. ಆದರೆ ಕೈ ಬಿಡುವಂತಿರಲಿಲ್ಲ.

ಪೀಪಾಯಿಯ ಬಟ್ಟೆ ಕಿತ್ತು, ಕಹಳೆಯನ್ನು ಬಾಯಿಗೆ ಬೋರಲಾಗಿ ಇಟ್ಟರು. ಜೀರುಂಡೆ ಮೊದಲು ಕಿರ್‍ರೆಂದಿತು. ಆಮೇಲೆ ಭಾರ ಹೊತ್ತು ದಿಬ್ಬ ಏರುವ ಲಾರಿಯ ಹಾಗೆ ಏದುಸಿರು ಬಿಟ್ಟಿತು. ದಪ್ಪ ಕೆನೆ ಕರಗಿತು. ಹಸಿರು ದೀಪ ಮಂಕಾಯಿತು. ಕಸ್ತೂರಿ ಪೀಪಾಯಿಯ ತಳದ ನಲ್ಲಿಯ ಬಳಿ ಲೋಟ ಹಿಡಿದು ಕುಕ್ಕರಗಾಲಿನಲ್ಲಿ ಕೂತು ಗಳಿಗೆಗೊಮ್ಮೆ ರುಚಿ ನೋಡತೊಡಗಿದಳು. ಮೊದಲ ಗುಟುಕಿಗೆ ಕೆನ್ನೆ ಒಳಗೆ ಸೇರಿತು. ಎರಡನೆಯದಕ್ಕೆ ಬರಿಯ ಕಣ್ಣು ಮುಚ್ಚಿತು. ನಾಲ್ಕನೆಯ ಗುಟುಕಿನಲ್ಲಿ ಹುಳಿಯ ಹಿಂದೆ ಏನೋ ಒಂದು ಪರಿಮಳ ಇಣುಕಿತು. ದೀಪ ಇನ್ನಷ್ಟು ಇಳಿಯಿತು. ಬೇಗ ಆರಬೇಕು, ಆದರೆ ಈಗಲೇ ಆರಬಾರದು ಎಂದು ಅವಳ ಜೀವ ಎರಡೂ ಕಡೆಗೆ ಜಗ್ಗಿತು. ಈರಪ್ಪ ಕಾಕಾ ತಮಗೇ ಗೊತ್ತಿಲ್ಲದೆ ಅವಳ ಪಕ್ಕದಲ್ಲಿ ಕೂತು, ಈಗ ಹೇಗಿದೆ ಎಂದು ಕೇಳುತ್ತಿದ್ದರು.

ಎಂಟನೆಯ ಗುಟುಕಿಗೆ ದೀಪ ಒಮ್ಮೆ ಮಿನುಗಿ ಆರಿತು. ಸದ್ದು ನಿಂತಿತು. ಕಸ್ತೂರಿ ಬಾಯಲ್ಲಿದ್ದದ್ದನ್ನು ನುಂಗದೆ ಹಾಗೇ ಹಿಡಿದುಕೊಂಡಳು. ಅದು ಹೋದ ವರ್ಷದ ವೈನು. ಐರಿನ್ ಮೊದಲ ಸಲ ಬಂದ ದಿನ ಇದ್ದ ಹಾಗೆ, ಒಂದು ಕೂದಲೆಳೆಯೂ ಆಚೀಚೆ ಇಲ್ಲದ ಹಾಗೆ.

“ನಮಸ್ಕಾರ ಕಸ್ತೂರಿಯವರೇ,” ಎಂಬ ಧ್ವನಿ ಹಿಂದಿನಿಂದ ಬಂತು.

ಐರಿನ್ ಮಥಾಯಸಳ ಬೂಟು ದ್ರಾಕ್ಷಿಯ ರಸದಲ್ಲಿ ಪಚಪಚ ಎನ್ನುತ್ತಿತ್ತು. ಅವಳ ಹೆಗಲಲ್ಲಿದ್ದ ಚರ್ಮದ ಚೀಲದ ಮೇಲೆ ಕಂದು ಬಣ್ಣದ ಮೆತ್ತನೆಯ ಕೂದಲು ಬೆಳೆದಿತ್ತು. ಅದನ್ನು ಅವಳು ಸವರಿ ನೋಡುತ್ತಿದ್ದಳು, ಮನೆಯಿಂದ ಹೊರಡುವಾಗ ಹೀಗಿತ್ತೇ ಇಲ್ಲವೇ ಎಂದು ನೆನಪಿಸಿಕೊಳ್ಳುವವಳ ಹಾಗೆ. ಎದುರಿಗೆ ನೇರಳೆ ಬಣ್ಣದ ಒಬ್ಬ ಹೆಂಗಸು, ಸಿಮೆಂಟಿನ ಪ್ಯಾಂಟು ತೊಟ್ಟಂತಿದ್ದ ಒಬ್ಬ ಮಾಸ್ತರರು, ಮೈತುಂಬ ದ್ರಾಕ್ಷಿ ಅಂಟಿಸಿಕೊಂಡ ಒಬ್ಬ ಹಿರಿಯರು, ಮಾವಿನಕಾಯಿ ಹಿಡಿದ ಒಬ್ಬ ಮುದುಕಿ. ಐರಿನ್ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಹೋಟೆಲಿನಲ್ಲಿ ಇಪ್ಪತ್ತು ವರ್ಷ ದುಡಿದವರಿಗೆ ಆ ಶಿಸ್ತು ಬಂದಿರುತ್ತದೆ.

ಕಸ್ತೂರಿ ಬೇರೆ ಲೋಟ ತೊಳೆದು ತುಂಬಿಸಿ ಕೊಟ್ಟಳು. ಐರಿನ್ ಮೂಸಿದಳು, ಒಂದು ಗುಟುಕನ್ನು ಬಾಯಲ್ಲಿ ಆಡಿಸಿದಳು. ಹೋದ ವರ್ಷ ಅರಳಿದ್ದ ಕಣ್ಣು ಮತ್ತೆ ಹಾಗೆಯೇ ಅರಳಿತು. ಲೋಟ ಖಾಲಿ ಮಾಡಿ, ಚೆನ್ನಾಗಿದೆ, ಆದರೆ ಮೂರನೆಯ ದಿನಕ್ಕೆ ಏನಾಗುತ್ತದೆ ಎಂದಳು.

ಮಾಸ್ತರರು ಪೆಟ್ಟಿಗೆಯ ಕಡೆಗೆ ಕೈ ಚಾಚಿ ಮುಂದೆ ಬಂದರು. ಕಸ್ತೂರಿ ಅವರನ್ನು ಮೊಣಕೈಯಿಂದ ಹಿಂದಕ್ಕೆ ಸರಿಸಿದಳು. ಹೋದ ವರ್ಷ ಬಾರದಿದ್ದ ಮಾತು ಈಗ ಬಂತು.

“ಮೂರನೇ ದಿನಕ್ಕ ಕೆಡ್ತೈತ್ರಿ. ನೀವು ಬೂಚು ಒಗದು, ದೀಪದ ಬುಡಕ್ಕ ಇಟ್ಟ್ರ ಯಾರ ವೈನಾದ್ರೂ ಕೆಡ್ತೈತಿ. ತಗದ ಕೂಡ್ಲೇ ಬೂಚು ಹಾಕಿ ಫ್ರಿಜ್ಜಿನ್ಯಾಗ ಇಡ್ರಿ. ನಾ ಇನ್ನ ಸಣ್ಣ ಬಾಟಲಿನ್ಯಾಗ ಕುತ್ತಿಗಿಮಟ ತುಂಬಿ ಕೊಡ್ತೀನಿ, ಒಂದೊಂದು ಅದ ದಿನ ಖಾಲಿ ಆಗ್ತೈತಿ. ಹಂಗ ಇಡೂದು ಆಗೂದಿಲ್ಲ ಅಂದ್ರ ನನ್ನ ವೈನ್ ಒಯ್ಯಬ್ಯಾಡ್ರಿ.”

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಐರಿನ್ ಲೋಟ ಕೆಳಗಿಟ್ಟಳು. ಹೋದ ವರ್ಷವೇ ಇದನ್ನು ಹೇಳಬಾರದಿತ್ತೇ ಎಂದಳು. ಆಮೇಲೆ ಚೀಲದ ಕೂದಲನ್ನು ಪಕ್ಕಕ್ಕೆ ಬಾಚಿ, ಜಿಪ್ಪು ಹುಡುಕಿ, ಡೈರಿ ತೆಗೆದು, ಪೀಪಾಯಿ ಪೂರ್ತಿ ಸಣ್ಣ ಬಾಟಲಿಗಳಲ್ಲಿ ಬೇಕು ಎಂದು ಬರೆದುಕೊಂಡಳು.

ಈರಪ್ಪ ಕಾಕಾ ಕೆಮ್ಮಿದರು. ಅವರ ದ್ರಾಕ್ಷಿ ರಸ್ತೆಯಲ್ಲಿ ನಲವತ್ತೊಂದು ಡಿಗ್ರಿಯಲ್ಲಿ ಬಿದ್ದಿತ್ತು. ಮತ್ತೆ ಒಣಗಿಸಲು ಬಲೆಯೂ ಉಳಿದಿರಲಿಲ್ಲ, ಹೊತ್ತೂ ಇರಲಿಲ್ಲ. ಇನ್ನೊಂದು ದಿನ ಬಿಟ್ಟರೆ ಎಲ್ಲವೂ ಕೊಳೆಯುತ್ತಿತ್ತು. ಟವೆಲಿನಿಂದ ಮುಖ ಒರೆಸಿಕೊಂಡು ಅದನ್ನು ಹೆಗಲ ಮೇಲೆ ಹಾಕಿಕೊಂಡರು.

“ಕಸ್ತೂರವ್ವ,” ಎಂದರು ನೆಲ ನೋಡುತ್ತ, “ನೀ ಮಾಡ್ತೀಯಲ್ಲ, ಆ ರಸ... ಅದಕ್ಕ ನನ್ನ ದ್ರಾಕ್ಷಿ ನಡಿತಾವೇನು?”

ನಡೆಯುತ್ತವೆ, ಇಬ್ಬರೂ ಸೇರಿಯೇ ಮಾಡೋಣ ಕಾಕಾ ಎಂದಳು ಕಸ್ತೂರಿ. ಬಿಳಿ ವೈನ್ ಮಾಡಬೇಕೆಂದು ಅವಳಿಗೆ ಮೊದಲಿನಿಂದಲೂ ಆಸೆಯಿತ್ತು. ಕಾಕಾ ಚಪ್ಪಲಿ ಕಳಚಿಟ್ಟು ಬುಟ್ಟಿ ತರಲು ಓಡಿದರು.

ಇಷ್ಟು ಹೊತ್ತು ಮಾಸ್ತರರು ಯಾರ ಲಕ್ಷ್ಯವೂ ಇಲ್ಲದೆ ಪೆಟ್ಟಿಗೆಯ ಹಿಂಬದಿಯ ಮುಚ್ಚಳ ಬಿಚ್ಚುತ್ತಿದ್ದರು. ಒಳಗೆ ಯಂತ್ರವಿರಲಿಲ್ಲ. ಹಿಂದಕ್ಕೆ ಸೋರಿದ ಶಕ್ತಿ ಅದನ್ನೂ ತಾಜಾ ಮಾಡಿಬಿಟ್ಟಿತ್ತು. ಜೋಡಣೆಯೆಲ್ಲ ಬಿಚ್ಚಿಹೋಗಿ, ಮೋಟರು, ಸುರುಳಿ, ತಂತಿ, ಒಂದೊಂದು ಮೊಳೆಯೂ ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಮಿರಮಿರ ಮಿಂಚುತ್ತ ಬಿಡಿಬಿಡಿಯಾಗಿ ಬಿದ್ದಿದ್ದವು. ಅವುಗಳ ಜೊತೆ ಮಾಸ್ತರರು ಸೂತ್ರಗಳನ್ನೆಲ್ಲ ಬರೆದಿಟ್ಟಿದ್ದ ನೋಟುಬುಕ್ಕೂ ಇತ್ತು. ಅದರ ಇನ್ನೂರು ಪುಟವೂ ಅಚ್ಚ ಬಿಳುಪಾಗಿ, ಹೊಸ ಕಾಗದದ ವಾಸನೆ ಬೀರುತ್ತಿದ್ದವು. ಮಾಸ್ತರರು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿರುವಿ, ಮತ್ತೆ ಕೊನೆಯಿಂದ ಮೊದಲಿಗೆ ತಿರುವಿದರು. ಗುರವ್ವ ಅವರ ಕೈಗೆ ಒಂದು ಲೋಟ ಬೆಚ್ಚಗಿನ ಹಾಲು ಕೊಟ್ಟು ಒಳಗೆ ಹೋದಳು.

ನಾಲ್ಕು ಜನ ಸೇರಿ ತಳ್ಳಿದ ಮೇಲೆ ಐರಿನಳ ಕಾರು ದ್ರಾಕ್ಷಿಯಿಂದ ಹೊರಬಂತು. ಹೊರಡುವ ಮೊದಲು ಅವಳು ಕಿಟಕಿಯ ಗಾಜು ಇಳಿಸಿ, ನಮ್ಮಲ್ಲಿಗೆ ಬರುವವರು ಕೇಳಿಯೇ ಕೇಳುತ್ತಾರೆ, ಈ ವೈನಿಗೆ ಇಂಥ ರುಚಿ ಹೇಗೆ ಬಂತು, ಏನಾದರೂ ವಿಶೇಷ ಕ್ರಮ ಇದೆಯೇ ಎಂದು ವಿಚಾರಿಸಿದಳು.

ಕಸ್ತೂರಿ ಒಂದು ಗಳಿಗೆ ಯೋಚಿಸಿದಳು. ಸುಳ್ಳು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ.

“ವಿಶೇಷ ಏನಿಲ್ರಿ,” ಎಂದಳು. “ಒಂದು ವರ್ಷ ಪೂರಾ ಕೆಡಾಕ ಬಿಟ್ಟಿದ್ವಿ.”